ಹಳೆಯ ಸಮಾಧಿಗೆ ಬಿಳಿ ಗೂಡುದೀಪ

ಕಾಮಿದಾನಿ ಹಳ್ಳಿ, ಹಿರೋಶಿಮಾ ಸೀಮೆ
17 ಆಗಸ್ಟ್ 1976

ಹಿಸನೊ ಎಂಬುವಳಿಗೆ,

ನಾನು ಮಸಕಿಚಿಯ ಹೆಂಡತಿ ಸೊನೊ. ಅವನಿಗೆ ಇದ್ದವಳು ನಾನೊಬ್ಬಳೇ ಹೆಂಡತಿ. ಸೆಕೆ ಹೇಗಿದೆ, ಜೀರುಂಡೆ ಕೂಗುತ್ತಿದೆಯೇ ಎಂದು ಕಾಗದ ಶುರುಮಾಡುವುದು ಓದಿದವರ ಪದ್ಧತಿ. ನಾನು ನಾಲ್ಕನೇ ತರಗತಿಗೆ ಶಾಲೆ ಬಿಟ್ಟು ತಮ್ಮನನ್ನು ಬೆನ್ನಿಗೆ ಕಟ್ಟಿಕೊಂಡು ಗದ್ದೆಗೆ ಇಳಿದವಳು. ನೇರವಾಗಿ ಕೇಳುತ್ತೇನೆ. ನನ್ನ ಗಂಡನ ಸಮಾಧಿಗೆ ಬಿಳಿ ಗೂಡುದೀಪ ನೆಡಲು ನೀನು ಯಾರು?

ಸತ್ತವರು ಮನೆಗೆ ಬಂದುಹೋಗುವ ಬೊನ್ ಹಬ್ಬದ ಮೊದಲ ದಿನ ನಾನು, ಸೊಸೆ ನೊರಿಯೆ ಸಮಾಧಿಯ ಕಲ್ಲು ತೊಳೆಯಲು ಗುಡ್ಡ ಹತ್ತಿದೆವು. ಗುಡ್ಡದ ತುಂಬ ಬಿದಿರ ಕೋಲಿನ ಮೇಲೆ ಕೆಂಪು, ಹಳದಿ, ನೀಲಿ ಕಾಗದದ ದೀಪಗಳು. ನಮ್ಮ ಕಲ್ಲಿನ ಮುಂದೆ ಒಂದು ಬಿಳಿಯದು, ಕೊಕ್ಕರೆಯ ಹಾಗೆ. ನಮ್ಮ ಸೀಮೆಯಲ್ಲಿ ಬಿಳಿಯದನ್ನು ಆ ವರ್ಷ ಸತ್ತವರಿಗೆ ಮಾತ್ರ ಇಡುತ್ತಾರೆ, ಅವರ ಮೊದಲ ಬೊನ್‌ಗೆ, ಅದೂ ಒಂದೇ ಸಲ. ಹಾಲು ಕುಡಿಯುವ ಮಗುವಿಗೂ ಇದು ಗೊತ್ತು. ನನ್ನ ಗಂಡ ಸತ್ತು ಮೂವತ್ತೊಂದು ವರ್ಷವಾಯಿತು.

ನಾವು ಕೆಳಗಿಳಿಯುವ ಮೊದಲೇ ಪಕ್ಕದ ಮನೆಯ ಉಮೆಯೊ ಊದುಬತ್ತಿ ಹಿಡಿದು ಏದುಸಿರು ಬಿಡುತ್ತ ಬಂದಳು.

"ಸೊನೊ, ಯಾರೇ ಹೋದದ್ದು? ನಂಗೊಂದು ಮಾತು ಹೇಳಬಾರದಿತ್ತಾ?"

"ಯಾರೂ ಹೋಗಿಲ್ಲ. ನೀನು ಮನೆಗೆ ಹೋಗು."

"ಬಿಳಿದು ಇಟ್ಟಿದ್ದೀರಲ್ಲ. ನಿನ್ನ ಮಗ ಯಸುಜಿಗೇ ಏನೋ ಆಯ್ತು ಅಂತ ದಾರಿಯುದ್ದಕ್ಕೂ ಅತ್ಕೊಂಡು ಬಂದೆ. ಆ ಅಳುವೂ ದಂಡ ಆಯ್ತು."

ದೀಪದ ಮೇಲೆ ಇಟ್ಟವರ ಹೆಸರು ಬರೆಯುವುದು ಪದ್ಧತಿಯಲ್ಲವೇ? ತಿರುಗಿಸಿ ನೋಡಿದೆ. ಹಿಸನೊ. ಗುಡಿಯ ಗುರುಗಳನ್ನು ಕೇಳಿದರೆ, ಹಬ್ಬದ ಹಿಂದಿನ ದಿನ ಒಸಾಕಾದಿಂದ ಹೆಂಗಸೊಬ್ಬಳು ಬಂದಿದ್ದಳು ಎಂದರು. ಯಾಕೆ ಬಂದಿದ್ದಳು ಎಂದೆ. "ಅದನ್ನ ಅವಳೇ ಹೇಳ್ಬೇಕು ಸೊನೊಮ್ಮ, ನಾನಲ್ಲ" ಎಂದು ವಿಳಾಸವೊಂದನ್ನು ಕೊಟ್ಟು ಒಳಗೆ ಹೋದರು. ಗುರುಗಳಾದವರಿಗೆ ಇಷ್ಟು ಬಿಗುಮಾನ ಒಳ್ಳೆಯದಲ್ಲ.

ನಿನ್ನನ್ನು ಒಂದೇ ಸಲ ನೋಡಿದ್ದೇನೆ. ಹಿರೋಶಿಮಾದ ಮೇಲೆ ಬಾಂಬು ಬಿದ್ದ ಮೇಲೆ ಮೂರು ದಿನ ಆ ಬೂದಿಯಲ್ಲಿ ಹೆಣ ಮಗುಚಿ ಮಗುಚಿ ನೋಡಿ ನಾನು ಬರಿಗೈಲಿ ಮನೆಗೆ ಬಂದಿದ್ದೆ. ಎರಡು ವಾರಕ್ಕೆ ನೀನು ಸುಟ್ಟ ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡು ಅಂಗಳಕ್ಕೆ ಬಂದೆ. ಹೆಸರು ಹಿಸನೊ, ಪಟ್ಟಣದ ಅವನ ಅಂಗಡಿಯಲ್ಲಿ ತತಾಮಿ ಚಾಪೆಗೆ ಅಂಚುಪಟ್ಟಿ ಹೊಲಿಯುವವಳು ಎಂದೆ. ಚಹಾದ ಡಬ್ಬಿಯಲ್ಲಿ ಅವನ ಮೂಳೆ ತಂದಿದ್ದೆ. ಪುಣ್ಯಾತ್ಗಿತ್ತಿ ಎಂದುಕೊಂಡು ಬಾರ್ಲಿ ಗಂಜಿ ಕೊಟ್ಟೆ. ನೀನು ಹೋದ ಮೇಲೆ ಡಬ್ಬಿಯ ಬಟ್ಟೆ ಬಿಚ್ಚಿದೆ. ಅದರ ಅಂಚಿನ ಹೊಲಿಗೆ ಅಕ್ಕಿಕಾಳು ಜೋಡಿಸಿದ ಹಾಗಿತ್ತು. ಅದಕ್ಕೂ ಒಂದು ವರ್ಷ ಮೊದಲಿನಿಂದ ನನ್ನ ಗಂಡ ಪಟ್ಟಣದಿಂದ ಊರಿಗೆ ಬಂದಾಗಲೆಲ್ಲ ಅವನ ಕಾಲುಚೀಲದ ಹಿಮ್ಮಡಿಯಲ್ಲಿ ಅದೇ ಹೊಲಿಗೆ ಇರುತ್ತಿತ್ತು. ನಾನು ಹೊಲಿದರೆ ಇರುವೆ ಸಾಲು ದಾರಿ ತಪ್ಪಿದ ಹಾಗಿರುತ್ತದೆ. ನನಗೆ ಗುರುತು ಸಿಕ್ಕದೆ ಇರುತ್ತದೆಯೇ?

ದೀಪ ಕಿತ್ತು ತಂದೆ. ಹಂಡೆ ಒಲೆಗೆ ಹಾಕಿ ಆವತ್ತಿನ ಸ್ನಾನದ ನೀರು ಕಾಯಿಸಿದೆ. ಕಾಗದ ಬೇಗ ಉರಿಯಿತು, ಬಿದಿರು ಚೆನ್ನಾಗಿ ಉರಿಯಿತು.

ಸೊನೊ

*

ಒಸಾಕಾ
29 ಆಗಸ್ಟ್ 1976

ಸೊನೊ ಅಮ್ಮನವರಿಗೆ,

ಬಿಸಿಲು ಇನ್ನೂ ಇಳಿದಿಲ್ಲ, ತಮ್ಮ ಆರೋಗ್ಯ ಚೆನ್ನಾಗಿದೆಯೆಂದು ನಂಬಿದ್ದೇನೆ.

ತಮ್ಮ ಕಾಗದ ತಲುಪಿತು. ಊರಿನವರ ಮುಂದೆ ತಮಗೆ ಮುಜುಗರವಾಗುವಂತೆ ಮಾಡಿದೆ, ಕ್ಷಮಿಸಿ. ನಾನು ಒಸಾಕಾ ಕಡೆಯವಳು. ಬಣ್ಣದ ಪದ್ಧತಿ ನನಗೆ ಸರಿಯಾಗಿ ತಿಳಿಯದು ಎಂದುಕೊಂಡು ಬಿಟ್ಟುಬಿಡಿ.

ನಾನು ಇಲ್ಲಿ ಒಂದು ಸಾರ್ವಜನಿಕ ಸ್ನಾನದ ಮನೆಯ ಬಾಗಿಲಲ್ಲಿ ಕುಳಿತು ಬಂದವರಿಗೆ ಸಾಬೂನು, ಟವೆಲು ಕೊಡುತ್ತೇನೆ. ಇಪ್ಪತ್ತೆಂಟು ವರ್ಷದಿಂದ ಇದೇ ಕೆಲಸ. ಬೀದಿಯ ಹೆಂಗಸರೆಲ್ಲರ ಬೆನ್ನು ನನಗೆ ಗೊತ್ತು, ನನ್ನ ಬೆನ್ನನ್ನು ಯಾರೂ ನೋಡಿಲ್ಲ.

ಒಂದೇ ಒಂದು ಮಾತು ಕೇಳಬಹುದಾದರೆ: ಆ ಕಲ್ಲಿನ ಕೆಳಗಿನ ಗೂಡಿನಲ್ಲಿ ಅವರ ಡಬ್ಬಿಯ ಪಕ್ಕ ಇನ್ನೂ ಒಂದಕ್ಕೆ ಜಾಗವಿದೆಯೆಂದು ಗುರುಗಳು ಹೇಳಿದರು. ಅದು ಯಾರಿಗಾಗಿ ಇಟ್ಟದ್ದು?

ಹಿಸನೊ

*

ಕಾಮಿದಾನಿ
23 ಸೆಪ್ಟೆಂಬರ್ 1976

ಹಿಸನೊಗೆ,

ಸಿಕ್ಕಿಬಿದ್ದೆ ನೋಡು. ಕ್ಷಮೆ ಕೇಳುವ ನೆವದಲ್ಲಿ ಹೊಸಿಲು ದಾಟಿ ಒಳಗೆ ಎಷ್ಟು ಕೋಣೆ ಇದೆ ಎಂದು ಎಣಿಸುವ ಹೆಂಗಸು ನೀನು. ಬದುಕಿದ್ದಾಗ ಅವನ ಪಕ್ಕದಲ್ಲಿ ಮಲಗಿದ್ದು ಸಾಲದೆ, ಸತ್ತ ಮೇಲೂ ಅಲ್ಲೇ ಚಾಪೆ ಹಾಸಲು ಜಾಗ ನೋಡಿಕೊಂಡು ಹೋದೆಯಾ?

ಅದು ನನ್ನ ಜಾಗ. ಹದಿನೆಂಟಕ್ಕೆ ಈ ಮನೆಗೆ ಬಂದೆ. ನಾಲ್ಕು ಗಂಡುಮಕ್ಕಳನ್ನು ಹೆತ್ತೆ. ಅತ್ತೆಯ ಮಲ ಬಳಿದೆ, ಮಾವನ ಬೈಗುಳ ತಿಂದೆ. ಆ ಮೊಳದಷ್ಟು ಜಾಗಕ್ಕೆ ನಾನು ಕೊಟ್ಟಿರುವ ಬೆಲೆ ನಿನ್ನ ಏಳು ಜನ್ಮಕ್ಕೂ ಸಿಕ್ಕದು. ಮಣ್ಣಿನ ಗೊಂಬೆ ಸವತಿಯಾಗಿ ಬಂದರೂ ಮನೆಯಲ್ಲಿ ಜಾಗ ಸಾಲದಂತೆ. ನೀನು ಮಣ್ಣಿನ ಗೊಂಬೆಯೂ ಅಲ್ಲ.

ಇನ್ನೊಂದು ಕೇಳು. ಪಟ್ಟಣದ ಆ ಉದ್ಯಾನದಲ್ಲಿ ಕಲ್ಲಿನ ಪೆಟ್ಟಿಗೆಯೊಳಗೆ ಬಾಂಬಿಗೆ, ಆಮೇಲೆ ಅದರ ರೋಗಕ್ಕೆ ಸತ್ತವರ ಹೆಸರಿನ ಪುಸ್ತಕಗಳಿವೆ. ಅದರಲ್ಲಿ ಮಸಕಿಚಿ ಎಂದು ಬರೆಸಿದವಳು ನಾನು. ಪ್ರತಿ ಆಗಸ್ಟ್ ಆರಕ್ಕೆ ಊರಿನ ಬಸ್ಸಿನಲ್ಲಿ ಹೋಗಿ ಬಿಸಿಲಲ್ಲಿ ಕೂತು ಬರುವವಳೂ ನಾನು. ದೊಡ್ಡದೊಡ್ಡವರು ಬಂದು ಆ ಪೆಟ್ಟಿಗೆಗೆ ಬಗ್ಗುತ್ತಾರೆ. ಅಷ್ಟು ಜನ ಬಗ್ಗುವಾಗ ನನ್ನ ಗಂಡನಿಗೂ ಬಗ್ಗಿದ ಹಾಗೆ ಆಗುತ್ತದೆ. ಆಗ ನನ್ನ ಬೆನ್ನು ನೆಟ್ಟಗಾಗುತ್ತದೆ. ನೀನು ಆ ದಿನ ಎಲ್ಲಿರುತ್ತೀ? ಟವೆಲು ಕೊಡುತ್ತಿರುತ್ತೀ.

ಅವನು ನಿನ್ನ ಹತ್ತಿರ ನನ್ನ ಮಾತು ಆಡುತ್ತಿದ್ದನೇ? ನನ್ನ ಸಾರು ಉಪ್ಪು ಎನ್ನುತ್ತಿದ್ದನೇ? ನಿನ್ನ ಕೈಯಲ್ಲಿ ಏನು ತಿನ್ನುತ್ತಿದ್ದ? ಹೇಳಬೇಡ. ನನಗೆ ಬೇಕಾಗಿಲ್ಲ. ಕೊನೆಗಾಲದಲ್ಲಿ ಪಕ್ಕದಲ್ಲಿ ನೀನೇ ಇದ್ದೆಯಲ್ಲ, ಏನಾದರೂ ಹೇಳಿದನೇ? ಅದೊಂದನ್ನು ಹೇಳು.

ಸೊನೊ

*

ಒಸಾಕಾ
9 ಅಕ್ಟೋಬರ್ 1976

ಸೊನೊ ಅಮ್ಮನವರಿಗೆ,

ಜಾಗ ಕೇಳಿದ್ದು ನನಗಾಗಿ ಅಲ್ಲ. ಬಿಳಿ ದೀಪ ಇಟ್ಟದ್ದು ಅವರಿಗಾಗಿಯೂ ಅಲ್ಲ. ಪದ್ಧತಿ ಗೊತ್ತಿಲ್ಲವೆಂದು ಬರೆದೆ. ಅದು ಸುಳ್ಳು. ದೀಪದ ಅಂಗಡಿಯವನು ಚೆನ್ನಾಗಿ ವಿವರಿಸಿ ಹೇಳಿಯೇ ಕೊಟ್ಟಿದ್ದ.

ನನಗೆ ಒಬ್ಬ ಮಗಳಿದ್ದಳು. ಹೆಸರು ಚಿಗುಸಾ. ಬಾಂಬು ಬಿದ್ದ ದಿನ ಅವಳು ನನ್ನ ಹೊಟ್ಟೆಯಲ್ಲಿದ್ದಳು. ಮುಂದಿನ ಮಾರ್ಚಿನಲ್ಲಿ ಹುಟ್ಟಿದಳು. ಈ ವರ್ಷ ಮಾರ್ಚಿನಲ್ಲಿ, ಮೂವತ್ತು ತುಂಬಿದ ವಾರದಲ್ಲೇ, ರಕ್ತದ ಕಾಯಿಲೆಯಿಂದ ಹೋದಳು. ಅವಳ ಮೊದಲ ಬೊನ್‌ಗೆ ಅವಳ ತಂದೆಯ ಹತ್ತಿರ ಒಂದು ಬಿಳಿ ದೀಪ ಇರಲಿ ಎಂದು ಆಸೆಯಾಯಿತು. ಅಷ್ಟೇ. ಅದನ್ನು ತಾವು ಒಲೆಗೆ ಹಾಕಿದ್ದಕ್ಕೆ ನನಗೆ ಕೋಪವಿಲ್ಲ. ತಮಗೆ ತಿಳಿದಿರಲಿಲ್ಲ.

ಅವಳ ಮೂಳೆಗೆ ಅವಳ ತಂದೆಯ ಕಲ್ಲಿನ ಕೆಳಗೆ ಜಾಗ ಸಿಗಬಹುದೇ ಎಂದು ಗುರುಗಳನ್ನು ಕೇಳಿದೆ. ಆ ಮನೆಯ ಹಿರಿಯಳನ್ನು ಕೇಳು ಎಂದರು. ಕೇಳುತ್ತಿದ್ದೇನೆ, ಸೊನೊ ಅಕ್ಕ.

ಅವರ ಕೊನೆಯ ಮಾತನ್ನು ಇನ್ನೊಮ್ಮೆ ಬರೆಯುತ್ತೇನೆ. ಇವತ್ತು ಕೈ ಬರುತ್ತಿಲ್ಲ.

ಹಿಸನೊ

*

ಕಾಮಿದಾನಿ
3 ನವೆಂಬರ್ 1976

ಹಿಸನೊಗೆ,

ಅಕ್ಕ ಎನ್ನಬೇಡ. ನನಗೆ ತಂಗಿಯರಿಲ್ಲ.

ಜಾಗವಿಲ್ಲ. ಆ ವರ್ಷ ಪಟ್ಟಣದಲ್ಲಿ ಬಸಿರಾದವರಿಗೆಲ್ಲ ನನ್ನ ಗಂಡನೇ ಕಾರಣನಾಗಲಾರ. ಇನ್ನು ಬರೆಯಬೇಡ.

ಸೊನೊ

ಆ ಹೆಸರು ಇಟ್ಟವರು ಯಾರು? ಇದೊಂದಕ್ಕೆ ಬೇಕಾದರೆ ಬರೆ.

*

ಒಸಾಕಾ
ಡಿಸೆಂಬರ್ 1976

ನಮ್ಮ ಮನೆಯಲ್ಲಿ ಈ ವರ್ಷ ಸಾವಾಗಿರುವುದರಿಂದ ಹೊಸ ವರ್ಷದ ಶುಭಾಶಯ ಹೇಳುವ ಹಾಗಿಲ್ಲ. ಮಗಳು ಚಿಗುಸಾ, ವಯಸ್ಸು ಮೂವತ್ತು. ಬದುಕಿದ್ದಾಗ ತಾವೆಲ್ಲರೂ ತೋರಿದ ಪ್ರೀತಿಗೆ ಋಣಿ.

(ಕರಿ ಅಂಚಿನ ಅಚ್ಚಿನ ಕಾರ್ಡು. ಕೆಳಗೆ ಕೈಬರಹದಲ್ಲಿ:) ಹೆಸರು ಅವರೇ ಇಟ್ಟದ್ದು. ಹೆಣ್ಣಾದರೆ ಇದೇ ಎಂದಿದ್ದರು. ಹಿ.

*

ಕಾಮಿದಾನಿ
25 ಫೆಬ್ರವರಿ 1977

ಹಿಸನೊಗೆ,

ಆ ಕಾರ್ಡು ಬಂದಾಗ ನಾನು ಉಪ್ಪಿನಕಾಯಿಗೆ ಮೂಲಂಗಿ ತೊಳೆಯುತ್ತಿದ್ದೆ. ಸೊಸೆ ಅಂಚೆಯವನ ಕೈಯಿಂದ ತೆಗೆದುಕೊಂಡು ಓದುತ್ತ ನಿಂತಳು.

"ಅತ್ತೆ, ಚಿಗುಸಾ ಅಂದ್ರೆ ಯಾರು?"

"ಯಾರೋ."

"ಯಾರೋ ಸತ್ರೆ ನಮಗ್ಯಾಕೆ ಕಾರ್ಡ್ ಹಾಕ್ತಾರೆ?"

"ಒಸಾಕಾದೋರ ಹತ್ರ ಕಾರ್ಡ್ ಜಾಸ್ತಿ ಆಗಿರ್ಬೇಕು."

ಅವಳು ನಗಲಿಲ್ಲ. "ಅತ್ತೆ, ಮೂಲಂಗಿ ಕೈಲೇ ಇದೆ. ನೀರು ಸುಮ್ನೆ ಹರಿದು ಹೋಗ್ತಿದೆ" ಎಂದು ನಲ್ಲಿ ನಿಲ್ಲಿಸಿದಳು.

ಹೊಸ ವರ್ಷದ ಅಕ್ಕಿ ಕಡುಬು ನನ್ನ ಗಂಟಲಲ್ಲಿ ಇಳಿಯಲಿಲ್ಲ. ಮುದುಕರ ಗಂಟಲಲ್ಲಿ ಅದು ಸಿಕ್ಕಿಕೊಳ್ಳುವುದು ಹೊಸದೇನಲ್ಲ, ಆದರೆ ಈ ಸಲ ಸಿಕ್ಕಿದ್ದು ಕಡುಬಲ್ಲ.

ಚಿಗುಸಾ ಎಂದರೆ ಸಾವಿರ ಹುಲ್ಲು. ಚಾಪೆ ಹೆಣೆಯುವವನಿಗೆ ಹುಲ್ಲಿನ ಹೆಸರಲ್ಲದೆ ಇನ್ನೇನು ತೋಚುತ್ತದೆ? ಯಸುಜಿ ಹೊಟ್ಟೆಯಲ್ಲಿದ್ದಾಗ ಅಟ್ಟದ ಮೇಲೆ ಹುಲ್ಲು ಹರವುತ್ತ ಅವನು ನನಗೆ ಹೇಳಿದ್ದ: "ಹೆಣ್ಣಾದ್ರೆ ಚಿಗುಸಾ ಅಂತ ಕರೆಯೋಣ ಕಣೇ." ಗಂಡಾಯಿತು. ಎರಡನೆಯದಕ್ಕೂ ಆ ಹೆಸರನ್ನೇ ತೆಗೆದಿಟ್ಟೆವು. ಮೂರನೆಯದಕ್ಕೂ. ನಾಲ್ಕನೆಯದೂ ಗಂಡೆಂದು ಸೂಲಗಿತ್ತಿ ಕೂಗಿದಾಗ ಅವನು ಹೊರಗೆ ಚಾಪೆಯ ಸೂಜಿ ಮಸೆಯುತ್ತಿದ್ದ. ಆ ಸದ್ದು ನನಗೆ ಇನ್ನೂ ಕೇಳುತ್ತದೆ. ನಾಲ್ಕು ಸಲ ನಾನು ಒಗೆದು ಮಡಿಸಿ ಇಟ್ಟಿದ್ದ ಹೆಸರು ಅದು. ನೀನು ಒಂದೇ ಸಲಕ್ಕೆ ತೊಡಿಸಿಬಿಟ್ಟೆ.

ಅವನು ನಿನ್ನ ಹತ್ತಿರ ಮಲಗಿದ್ದನ್ನು ಮೂವತ್ತು ವರ್ಷ ನುಂಗಿಕೊಂಡು ಬಂದಿದ್ದೇನೆ, ಗಂಡಸರು ಎಂದುಕೊಂಡು. ಇದು ಇಳಿಯುವುದಿಲ್ಲ. ಅವನಿಗೆ ಬೇಕಾಗಿದ್ದನ್ನು ನೀನು ಕೊಟ್ಟೆ. ಅವನು ಅದನ್ನು ನೋಡದೆ ಹೋದ ಎಂಬುದೊಂದೇ ನನಗೆ ಸಮಾಧಾನವಾಗಿತ್ತು. ಹಾಗೆ ಅನ್ನಿಸಿದ್ದಕ್ಕೆ ಆ ರಾತ್ರಿ ಬುದ್ಧನ ಮುಂದೆ ದೀಪ ಹಚ್ಚಲಿಲ್ಲ. ಸೊಸೆಯೇ ಹಚ್ಚಿದಳು.

ಇನ್ನೊಂದು ನೆನಪಾಯಿತು. ನೀನು ಡಬ್ಬಿ ತಂದ ದಿನ, ನಾನು ಕೊಟ್ಟ ಗಂಜಿಯನ್ನು ಕುಡಿದು ಬಾವಿಯ ಹತ್ತಿರ ಹೋಗಿ ವಾಂತಿ ಮಾಡಿದೆ. ಬೂದಿ ಹಾಕಿ ಬಳಿದವಳು ನಾನು. ಆ ಆಗಸ್ಟಿನಲ್ಲಿ ಪಟ್ಟಣದಿಂದ ಓಡಿಬಂದವರು ಊರೂರಲ್ಲಿ ವಾಂತಿ ಮಾಡುತ್ತಿದ್ದರು. ಮಾಡಿದವರು ವಾರದೊಳಗೆ ಕೂದಲುದುರಿ ಸಾಯುತ್ತಿದ್ದರು. ನಮ್ಮ ಶಾಲೆಯ ಅಂಗಳದಲ್ಲೇ ಅಂಥವರನ್ನು ಸುಟ್ಟೆವು. ಹಾಗಾಗಿ ಇವಳೂ ಹೋಗುತ್ತಾಳೆ ಎಂದುಕೊಂಡೆ. ನಿಜ ಹೇಳುತ್ತೇನೆ, ಹೊಲಿಗೆ ನೋಡಿದ ಮೇಲೆ, ಹೋಗಲಿ ಎಂದುಕೊಂಡೆ. ನಾಲ್ಕು ಹೆತ್ತವಳು ನಾನು. ಬಸುರಿಯ ವಾಂತಿಯನ್ನು ಸಾಯುವವಳ ವಾಂತಿ ಎಂದು ತಿಳಿದೆ. ಬೇರೆ ಯಾವ ವರ್ಷವಾಗಿದ್ದರೂ ಒಂದೇ ನೋಟಕ್ಕೆ ಗೊತ್ತಾಗುತ್ತಿತ್ತು.

ಜಾಗದ ಮಾತು ಬೇರೆ. ಅದಿಲ್ಲ ಎಂದಿದ್ದೇನೆ.

ಅವಳು ನೋಡಲು ಹೇಗಿದ್ದಳು? ಪಟ ಕಳಿಸಬೇಡ. ಅವನ ಎಡಗಿವಿಯ ತುದಿ ಒಳಕ್ಕೆ ಮಡಿಸಿಕೊಂಡಿತ್ತು, ಬೆಂದ ಕಡುಬಿನ ಅಂಚಿನ ಹಾಗೆ. ನನ್ನ ನಾಲ್ವರಲ್ಲಿ ಒಬ್ಬನಿಗೂ ಅದು ಬರಲಿಲ್ಲ.

ಸೊನೊ

*

ಒಸಾಕಾ
20 ಮಾರ್ಚ್ 1977

ಸೊನೊ ಅಮ್ಮನವರಿಗೆ,

ಮೊನ್ನೆಗೆ ಚಿಗುಸಾ ಹೋಗಿ ಒಂದು ವರ್ಷವಾಯಿತು. ಸ್ನಾನದ ಮನೆಗೆ ಒಂದು ದಿನ ರಜೆ ಕೇಳಿದೆ. ಯಾಕೆ ಎಂದು ಯಜಮಾನಿ ಕೇಳಿದಳು. ಹಲ್ಲುನೋವು ಎಂದೆ.

ಎಡಗಿವಿ ಹಾಗೇ ಇತ್ತು. ಶಾಲೆಯಲ್ಲಿ ಹುಡುಗರು ಅಣಕಿಸುತ್ತಾರೆಂದು ಕೂದಲಿನಿಂದ ಮುಚ್ಚಿಕೊಳ್ಳುತ್ತಿದ್ದಳು. ನಿನ್ನ ಅಪ್ಪನದು ಎಂದು ಹೇಳಿದ ಮೇಲೆ ಕೂದಲನ್ನು ಹಿಂದಕ್ಕೆ ಕಟ್ಟತೊಡಗಿದಳು. ಅಪ್ಪನ ಬಗ್ಗೆ ನಾನು ಅವಳಿಗೆ ಹೇಳಿದ್ದು ಹೆಚ್ಚುಕಡಿಮೆ ಅಷ್ಟೇ. ಯುದ್ಧಕ್ಕೆ ಹೋಗಿ ಸತ್ತರು ಎಂದಿದ್ದೆ. ಹಿರೋಶಿಮಾ ಎಂಬ ಮಾತನ್ನು ನಮ್ಮ ಮನೆಯಲ್ಲಿ ಎತ್ತಲಿಲ್ಲ. ಬಾಂಬಿಗೆ ಸಿಕ್ಕವರಿಗೆ ಸರ್ಕಾರ ಕೊಡುವ ಚಿಕಿತ್ಸೆಯ ಪುಸ್ತಕವನ್ನೂ ನಾನು ಪಡೆಯಲಿಲ್ಲ. ಪಡೆದಿದ್ದರೆ ಅವಳನ್ನು ಯಾರು ಮದುವೆಯಾಗುತ್ತಿದ್ದರು? ಇಪ್ಪತ್ತೆಂಟಕ್ಕೆ ಒಳ್ಳೆಯ ಮನೆಗೆ ಕೊಟ್ಟೆ. ಒಂದೂವರೆ ವರ್ಷಕ್ಕೆ ಒಸಡಿನಲ್ಲಿ ರಕ್ತ ಬಂತು. ವೈದ್ಯರು ನನ್ನನ್ನು ಒಳಗೆ ಕರೆದು, ಬಾಂಬು ಬಿದ್ದ ಬೇಸಿಗೆಯಲ್ಲಿ ಎಲ್ಲಿದ್ದಿರಿ ಎಂದು ಕೇಳಿದರು. ಅಳಿಯ ಬಾಗಿಲ ಹಿಂದೆ ನಿಂತಿದ್ದ.

ಸುಟ್ಟ ಮೂಳೆಯನ್ನು ಅವಳ ಅತ್ತೆ ವಾಪಸು ತಂದುಕೊಟ್ಟಳು. "ನಮ್ಮ ಕಲ್ಲಿನ ಕೆಳಗೆ ಈ ರೋಗ ಬೇಡಮ್ಮ. ಇನ್ನೊಬ್ಬ ಮಗನಿಗೆ ಹೆಣ್ಣು ನೋಡ್ಬೇಕು" ಎಂದಳು. ಬಿಳಿ ಬಟ್ಟೆ ಸುತ್ತಿದ ಆ ಪೆಟ್ಟಿಗೆ ನನ್ನ ಹೊಲಿಗೆ ಯಂತ್ರದ ಮೇಲೆ ಕೂತಿದೆ. ಗಂಡನ ಮನೆಯ ಲೆಕ್ಕಕ್ಕೂ ಇಲ್ಲ, ತಂದೆಯ ಮನೆಯ ಲೆಕ್ಕಕ್ಕೂ ಇಲ್ಲ. ಆ ಕಲ್ಲಿನ ಪೆಟ್ಟಿಗೆಯ ಲೆಕ್ಕದಲ್ಲಂತೂ ಇಲ್ಲ. ಅವಳು ಅಲ್ಲಿದ್ದಳೆಂದು ಹೇಳುವವರು ನನ್ನನ್ನು ಬಿಟ್ಟು ಯಾರಿದ್ದಾರೆ?

ಈಗ ಕೊನೆಯ ಮಾತು. ಅವರು ಎರಡು ದಿನ ಬದುಕಿದ್ದರು, ನದಿಯ ದಡದಲ್ಲಿ. ನಾನು ಒದ್ದೆ ಬಟ್ಟೆಯನ್ನು ತುಟಿಗೆ ಒತ್ತುತ್ತಿದ್ದೆ. ಎರಡನೆಯ ಸಂಜೆ ಕಣ್ಣು ತೆರೆದು, "ಮೋಡ ಆಗ್ತಿದೆ. ಸೊನೊಗೆ ಹೇಳು, ಅಂಗಳದ ಹುಲ್ಲು ಒಳಗೆ ಹಾಕ್ಲಿ" ಎಂದರು. ನಾನು ಯಾರೆಂದು ಅವರಿಗೆ ತಿಳಿದಿರಲಿಲ್ಲ. ಯಾರೋ ದಾರಿಹೋಕಳಿಗೆ ಹೇಳಿದ ಹಾಗೆ ಹೇಳಿದರು. ಮತ್ತೆ ಮಾತಾಡಲಿಲ್ಲ.

ತಮ್ಮ ಅಂಗಳದಲ್ಲಿ ಡಬ್ಬಿ ಕೊಟ್ಟಾಗ ಇದನ್ನೂ ಕೊಡಬೇಕಾಗಿತ್ತು. ಕೊಡಲಿಲ್ಲ. ತಾವು ನನಗೆ ಗಂಜಿ ಬಡಿಸುತ್ತಿದ್ದಿರಿ, ಗೋಡೆಗೆ ಅವರು ಕಟ್ಟಿಟ್ಟ ಹುಲ್ಲಿನ ಕಂತೆಗಳು ಒರಗಿದ್ದವು. ನನ್ನ ಹೊಟ್ಟೆ ಉರಿಯಿತು. ಮೂಳೆ ಅವಳಿಗಿರಲಿ, ಈ ಮಾತನ್ನಾದರೂ ನಾನು ಇಟ್ಟುಕೊಳ್ಳುತ್ತೇನೆ ಎಂದುಕೊಂಡೆ. ಅದರಲ್ಲಿ ನನ್ನ ಹೆಸರಿಲ್ಲದಿದ್ದರೂ.

ಜಾಗ ಕೊಡಬೇಕೆಂದು ಇದನ್ನು ಬರೆಯುತ್ತಿಲ್ಲ. ಇನ್ನು ಕೇಳುವುದಿಲ್ಲ.

ಹಿಸನೊ

*

ಕಾಮಿದಾನಿ
16 ಆಗಸ್ಟ್ 1977

ಚಿಗುಸಾಳ ತಾಯಿಗೆ,

ಐದು ತಿಂಗಳು ಬರೆಯಲಿಲ್ಲ. ಏನು ಬರೆಯಬೇಕೆಂದು ಗೊತ್ತಿರಲಿಲ್ಲ. ಗೊತ್ತಿಲ್ಲದಾಗ ಬಾಯಿ ಮುಚ್ಚಿಕೊಂಡಿರುವುದು ನನಗೆ ಹೊಸದು. ಮನೆಯವರು ನನಗೆ ಜ್ವರ ಎಂದುಕೊಂಡರು.

ನಿನ್ನ ಕಾಗದ ಬಂದ ದಿನ ಅಟ್ಟ ಹತ್ತಿದೆ. ಈ ವಯಸ್ಸಿನಲ್ಲಿ ಏಣಿ ಹತ್ತಬಾರದೆಂದು ಯಸುಜಿ ಕೂಗಾಡಿದ. ಮೇಲೆ ಹುಲ್ಲಿಲ್ಲ, ಇಲಿ ಹಿಕ್ಕೆ ಇದೆ. ಆದರೂ ಕೂತೆ. ಆ ವರ್ಷ ನಾನು ಅವನನ್ನು ಹುಡುಕಲು ಪಟ್ಟಣದಲ್ಲಿದ್ದಾಗ ಇಲ್ಲಿ ಮಳೆ ಬಂದು ಅಂಗಳದಲ್ಲಿ ಹರವಿದ್ದ ಹುಲ್ಲೆಲ್ಲ ಕೊಳೆತುಹೋಗಿತ್ತು. ಅವನು ಹೇಳಿಕಳಿಸಿದ್ದ. ನೀನು ಮೂವತ್ತೊಂದು ವರ್ಷ ತಡವಾಗಿ ತಲುಪಿಸಿದೆ. ಕಳ್ಳಿ. ನಿನ್ನ ಜಾಗದಲ್ಲಿ ನಾನಿದ್ದಿದ್ದರೆ ಸಾಯುವವರೆಗೂ ತಲುಪಿಸುತ್ತಿರಲಿಲ್ಲ.

ಆಗಸ್ಟ್ ಆರಕ್ಕೆ ಎಂದಿನ ಹಾಗೆ ಊರಿನ ಬಸ್ಸಿನಲ್ಲಿ ಹೋದೆ, ಉಮೆಯೊ ಪಕ್ಕ ಕೂತೆ. ಹೊಸ ಹೆಸರಿನ ಪುಸ್ತಕವನ್ನು ಕಲ್ಲಿನ ಪೆಟ್ಟಿಗೆಯೊಳಗೆ ಇಟ್ಟರು. ಈ ವರ್ಷ ಇಷ್ಟು ಹೆಸರು ಸೇರಿದವು, ಒಟ್ಟು ಇಷ್ಟಾದವು ಎಂದು ಧ್ವನಿವರ್ಧಕದಲ್ಲಿ ಹೇಳಿದರು. ಪ್ರತಿ ವರ್ಷ ಹೇಳುತ್ತಾರೆ. ಪ್ರತಿ ವರ್ಷ ನಾನು, ಅದರಲ್ಲಿ ಒಂದು ನನ್ನದು ಎಂದು ನೆಟ್ಟಗೆ ಕೂರುತ್ತಿದ್ದೆ. ಈ ಸಲ ನನ್ನ ಬಾಯಿಂದ ಬಂದುಬಿಟ್ಟಿತು.

"ತಪ್ಪು ಲೆಕ್ಕ."

"ಏನೇ ಅದು?" ಎಂದಳು ಉಮೆಯೊ.

"ಒಂದು ಕಮ್ಮಿ."

"ಸರ್ಕಾರದೋರು ಎಣಿಸಿದ್ದನ್ನ ಕೂತಲ್ಲೇ ತಪ್ಪು ಅಂತೀಯಲ್ಲ. ನೀನು ಹಾಕಿದ ಮೂಲಂಗಿ ಎಷ್ಟು ಅಂತ ನಿಂಗೆ ನೆನಪಿರಲ್ಲ."

"ಮೂಲಂಗಿ ಬೇರೆ. ಇದು ನಮ್ಮನೇದು."

ಹಾಗೆ ಅಂದುಬಿಟ್ಟೆ ನೋಡು. ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡರೆ ಏನು ಪ್ರಯೋಜನ? ಮುಂದಿನ ಸಾಲಿನವರು ಹೊರಳಿ ನೋಡಿದರು.

ನಿನ್ನ ಮೇಲೆ ಕನಿಕರ ಹುಟ್ಟಿತು ಎಂದುಕೊಳ್ಳಬೇಡ. ಆ ಹುಡುಗಿಯ ಅತ್ತೆ ಇದ್ದಾಳಲ್ಲ, ಮೂಳೆ ವಾಪಸು ತಂದವಳು, ಅವಳು ಆಡಿದ ಮಾತು ಬಸ್ಸಿನಲ್ಲಿ ಬರುವಾಗ ತಲೆಯಲ್ಲಿ ಗುಂಯ್ ಎನ್ನುತ್ತಿತ್ತು. ನಮ್ಮ ಕಲ್ಲಿನ ಕೆಳಗೆ ಬೇಡ. ನಾನೂ ಅದನ್ನೇ ಬರೆದಿದ್ದೆ. ಅವಳ ಜೊತೆ ಒಂದೇ ತಕ್ಕಡಿಯಲ್ಲಿ ತೂಗಿಸಿಕೊಳ್ಳಲು ನನಗೆ ಇಷ್ಟವಿಲ್ಲ.

ಹಬ್ಬಕ್ಕೆ ಎರಡು ದಿನ ಮುಂಚೆ ದೀಪದ ಅಂಗಡಿಗೆ ಹೋಗಿ ಬಿಳಿಯದು ಕೊಡು ಎಂದೆ. ಅಂಗಡಿಯ ಕುನಿಜೊ ಟೋಪಿ ತೆಗೆದ.

"ಯಾರಜ್ಜಿ ಹೋಗಿದ್ದು?"

"ನಮ್ಮನೆ ಹೆಣ್ಣು ಮಗು."

"ನಿಮಗೆ ನಾಲ್ಕೂ ಗಂಡಲ್ವಾ?"

"ಒಬ್ಬಳಿದ್ಲು. ಒಸಾಕಾದಲ್ಲಿ. ಹೋದ ವರ್ಷ ಮಾರ್ಚಲ್ಲಿ ಹೋದ್ಲು."

ಅವನು ಬೆರಳು ಮಡಿಸಿದ. "ಹಾಗಾದ್ರೆ ಮೊದಲ ಬೊನ್ ಹೋದ ವರ್ಷವೇ ಆಗ್ಹೋಯ್ತಲ್ಲಜ್ಜಿ. ಈ ಸಲ ಬಣ್ಣದ್ದು ಇಡ್ಬೇಕು. ಬಿಳಿದು ಇಟ್ರೆ ಊರೋರು ನಗ್ತಾರೆ."

"ನಂಗೆ ಸುದ್ದಿ ಬಂದಿದ್ದು ಅಕ್ಟೋಬರಲ್ಲಿ. ನನ್ನ ಲೆಕ್ಕ ಅಲ್ಲಿಂದ. ಕೊಡ್ತೀಯೋ, ಪಕ್ಕದೂರಿಗೆ ಹೋಗ್ಲೋ?"

ಕೊಟ್ಟ. ಅದರ ಮೇಲೆ ನನ್ನ ಹೆಸರು ನಾನೇ ಬರೆದೆ, ಸೊನೊ ಎಂದು, ದೊಡ್ಡದಾಗಿ. ನಿನ್ನದಕ್ಕಿಂತ ದೊಡ್ಡದು. ಗುಡ್ಡದ ಮೇಲೆ ಬಣ್ಣಗಳ ನಡುವೆ ನಮ್ಮದೊಂದು ಬಿಳಿ. ಊರೋರು ನಕ್ಕರು. ಸೊನೊಗೆ ಅರಳುಮರಳು, ವರ್ಷ ಎಣಿಸಲು ಬರುವುದಿಲ್ಲ ಎಂದರು. ಉಮೆಯೊ ಮಾತ್ರ ನಗದೆ ಊದುಬತ್ತಿ ತಂದಳು. "ಹೋದ ವರ್ಷದ ಅಳು ದಂಡ ಆಗ್ಲಿಲ್ಲ ಬಿಡು" ಎಂದು ಕೂತಳು. ಸೊಸೆ ಕಲ್ಲಿಗೆ ನೀರು ಹಾಕುವಾಗ ಇನ್ನೊಂದು ಚೊಂಬು ಹೆಚ್ಚಿಗೆ ಹಾಕಿದಳು. ಯಸುಜಿಗೆ ವಿಷಯ ಹೇಳಿದ್ದೇನೆ. ಐವತ್ತರ ಹತ್ತಿರ ಬಂದವನು, ತನ್ನ ಕಿವಿ ಮುಟ್ಟಿಕೊಂಡು ನೋಡಿದ. ಪೆದ್ದ.

ಈಗ ಸರಿಯಾಗಿ ಓದು. ಮುಂದಿನ ತಿಂಗಳು ಹಗಲು ರಾತ್ರಿ ಸಮವಾಗುವ ದಿನ ಕಲ್ಲು ಸರಿಸಿ ಗೂಡು ಅಗಲ ಮಾಡಲು ಕಲ್ಲುಕುಟಿಗನಿಗೆ ಬರಹೇಳಿದ್ದೇನೆ. ಮಗುವನ್ನು ಕರೆದುಕೊಂಡು ಬಾ. ಅವನ ಡಬ್ಬಿಗೆ ಸುತ್ತಿದ್ದ ನಿನ್ನ ಬಟ್ಟೆ ಜೀರ್ಣವಾಗಿರಬಹುದು. ಇಬ್ಬರಿಗೂ ಆಗುವಷ್ಟು ಹೊಸ ಬಟ್ಟೆ ನೀನೇ ಅಂಚು ಹೊಲಿದು ತಾ. ನನ್ನ ಹೊಲಿಗೆಯನ್ನು ಅವನು ಯಾವತ್ತೂ ಮೆಚ್ಚಲಿಲ್ಲ.

ಅವಳ ಹೆಸರನ್ನು ಕಲ್ಲಿನ ಪೆಟ್ಟಿಗೆಯ ಪುಸ್ತಕಕ್ಕೂ ಬರೆಸು. ನಾನೂ ನಿನ್ನ ಜೊತೆ ಕಚೇರಿಗೆ ಬರುತ್ತೇನೆ. ಆ ದಿನ ಇವಳು ಅಲ್ಲಿದ್ದಳು ಎನ್ನುವುದಕ್ಕೆ ಸಾಕ್ಷಿ ಯಾರು ಎಂದು ಕೇಳಿದರೆ, ನಮ್ಮ ಬಾವಿಕಟ್ಟೆಗೆ ಬೂದಿ ಹಾಕಿ ಬಳಿದವಳು ಸಾಕ್ಷಿ ಎನ್ನುತ್ತೇನೆ. ಮುಂದಿನ ಆಗಸ್ಟಿನಲ್ಲಿ ಅವರು ಹೇಳುವ ಲೆಕ್ಕ ಸರಿಯಿರಬೇಕು. ಆವತ್ತು ಬೇಕಾದರೆ ನನ್ನ ಪಕ್ಕ ಕೂರು. ಮಾತಾಡಿಸುತ್ತೇನೆ ಎಂದು ಹೇಳಲಾರೆ.

ಒಂದು ಷರತ್ತು. ಅವಳನ್ನು ಅವನ ಎಡಕ್ಕೆ ಇಡುತ್ತೇವೆ, ಆ ಕಿವಿಯ ಕಡೆಗೆ. ಬಲಕ್ಕೆ ನಾನು. ಅದರಲ್ಲಿ ಒಂದು ಬೆರಳಿನಷ್ಟೂ ಬಿಟ್ಟುಕೊಡುವುದಿಲ್ಲ.

ನಿನ್ನ ಜಾಗದ ಮಾತು ನನ್ನ ಹತ್ತಿರ ಎತ್ತಬೇಡ. ನಾನು ಬದುಕಿರುವಾಗ ಕೇಳಿದರೆ ಇಲ್ಲ ಎನ್ನುತ್ತೇನೆ. ನಾನು ಸತ್ತ ಮೇಲೆ ಯಸುಜಿಯನ್ನು ಕೇಳು. ಆಗ ಅಡ್ಡ ಬರಲು ನನಗೆ ಬಾಯಿರುವುದಿಲ್ಲ.

ಬಸ್ಸು ಇಳಿಯುವ ಜಾಗದಲ್ಲಿ ಸೊಸೆ ನಿಂತಿರುತ್ತಾಳೆ. ಗಂಜಿಯಲ್ಲ, ಈ ಸಲ ಅನ್ನ ಮಾಡಿರುತ್ತೇನೆ.

ಸೊನೊ